ಸನ್ನತಿಗೆ ಬಾರದ ಅನುವಾದ: ಸಾಮಾನ್ಯ ಭಾಷೆ, ಯಂತ್ರಾನುವಾದ ಮತ್ತು ನಮ್ಮ ಶಾಸನಗಳು

ಶಾಸನಗಳ ಬಗ್ಗೆ ನಾಲ್ಕು ಜನ ಸೇರಿ ಮಾತಾಡುವ ಕಡೆಯೆಲ್ಲ ಈಚೆಗೆ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು: "ಅಶೋಕನ ಕಾಲದ ಹಾಗೆ ಎಲ್ಲರಿಗೂ ಅರ್ಥವಾಗೋ ಒಂದು ಭಾಷೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಈ ಜಗಳವೇ ಇರ್ತಿರಲಿಲ್ಲ." ಇನ್ನೊಂದು: "ಭಾಷೆ ಎಷ್ಟಾದರೂ ಇರಲಿ ಬಿಡಿ, ಫೋನಿನಲ್ಲಿ ಫೋಟೋ ಹೊಡೆದರೆ ಅದೇ ಅನುವಾದ ಮಾಡಿಕೊಡುತ್ತೆ, ಹಳಗನ್ನಡ ಕಲಿಯೋ ಕಷ್ಟ ಇನ್ನು ಯಾಕೆ?" ಮೇಲ್ನೋಟಕ್ಕೆ ಇವು ಎದುರುಬದುರಾದ ಮಾತುಗಳು. ಒಂದು ಭಾಷೆಗಳನ್ನು ಕಡಿಮೆ ಮಾಡುತ್ತೇನೆ ಅನ್ನುತ್ತದೆ, ಇನ್ನೊಂದು ಇರುವ ಭಾಷೆಗಳನ್ನೆಲ್ಲ ಹಾಗೇ ಉಳಿಸುತ್ತೇನೆ ಅನ್ನುತ್ತದೆ. ಆದರೆ ಎರಡರ ಆಸೆಯೂ ಒಂದೇ: ಎರಡು ಭಾಷೆಗಳ ನಡುವೆ ನಿಂತು ಇಲ್ಲಿಂದ ಅಲ್ಲಿಗೆ ಮಾತು ದಾಟಿಸುವ ಮನುಷ್ಯ ಬೇಡ ಎಂಬುದು. ಶಾಸನಗಳನ್ನು ಓದುವವರಿಗೆ ಈ ಆಸೆ ಹೊಸದೇನಲ್ಲ. ಅದರ ಫಲ ಏನಾಯಿತು ಅನ್ನೋದೂ ಕಲ್ಲಿನ ಮೇಲೇ ಇದೆ.

ಅಶೋಕನಿಂದಲೇ ಶುರುಮಾಡೋಣ, ಹೇಗೂ ಮೊದಲು ಅವನ ಹೆಸರನ್ನೇ ಎಳೆದದ್ದು.

ಕರ್ನಾಟಕದಲ್ಲಿ ಅಶೋಕನ ಶಾಸನಗಳು ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳ, ಕಲಬುರಗಿ ಜಿಲ್ಲೆಯ ಸನ್ನತಿ ಇಲ್ಲೆಲ್ಲ ಇವೆ. ಎಲ್ಲವೂ ಪ್ರಾಕೃತ, ಲಿಪಿ ಬ್ರಾಹ್ಮಿ. ಇವುಗಳಲ್ಲಿ ಸನ್ನತಿಯದು ನನ್ನ ವಾದಕ್ಕೆ ಮುಖ್ಯ. ಚಂದ್ರಲಾಂಬಾ ದೇವಾಲಯದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿ ಅದು. ವಿಗ್ರಹ ಕೂರಿಸಲು ನಡುವೆ ತೂತು ಕೊರೆದು ಅಕ್ಷರಗಳು ಹೋಗಿವೆ. 1980ರ ದಶಕದಲ್ಲಿ ಗುಡಿಯ ಮಾಳಿಗೆ ಕುಸಿದ ಮೇಲೆಯೇ ಅದು ವಿದ್ವಾಂಸರ ಕಣ್ಣಿಗೆ ಬಿದ್ದದ್ದು. ಆ ಚಪ್ಪಡಿಯಲ್ಲಿ 12ನೇ ಮತ್ತು 14ನೇ ಬಂಡೆ ಶಾಸನಗಳೂ, ಧೌಲಿ ಮತ್ತು ಜೌಗಡದಲ್ಲಿ ಸಿಕ್ಕಿರುವಂಥ ಎರಡು ಪ್ರತ್ಯೇಕ ಶಾಸನಗಳೂ ಇವೆ.

ಈಗ ಸನ್ನತಿಯಿಂದ ನೇರ ಕಂದಹಾರಕ್ಕೆ ಹೋಗಿ. 1958ರಲ್ಲಿ ಅಲ್ಲಿ ಅಶೋಕನ ಒಂದು ಶಾಸನ ಸಿಕ್ಕಿತು: ಮೇಲೆ ಗ್ರೀಕ್, ಕೆಳಗೆ ಅರಾಮಾಯಿಕ್. ಪಿಯದಸಿ ಎಂಬ ಹೆಸರು ಗ್ರೀಕಿನಲ್ಲಿ ಪಿಯೋದಸ್ಸೆಸ್ ಆಗಿದೆ. 'ಧಮ್ಮ' ಎಂಬ ಪದಕ್ಕೆ ಗ್ರೀಕ್ ಅನುವಾದಕ ಹಾಕಿದ್ದು 'ಯೂಸೆಬೆಯಾ', ಅಂದರೆ ದೇವರು-ಹಿರಿಯರ ಮೇಲಿನ ಭಯಭಕ್ತಿ. ಅರಾಮಾಯಿಕ್‌ನವನು 'ಸತ್ಯ' ಎಂಬರ್ಥದ ಪದ ಹಾಕಿದ. ಒಂದೇ ಬಂಡೆ, ಒಂದೇ ದೊರೆ, ಒಂದೇ ಪದ. ಒಬ್ಬನ ಕೈಯಲ್ಲಿ ಅದು ಭಕ್ತಿಯಾಯಿತು, ಇನ್ನೊಬ್ಬನ ಕೈಯಲ್ಲಿ ಸತ್ಯವಾಯಿತು. ಇಬ್ಬರೂ ತಪ್ಪಲ್ಲ. ತಮ್ಮ ಓದುಗರು ಯಾವ ಪದ ಕೇಳಿದರೆ ತಲೆಬಾಗುತ್ತಾರೆ ಅಂತ ಯೋಚಿಸಿ ಆರಿಸಿದ ಪದಗಳು ಅವು.

ಐದು ವರ್ಷದ ಮೇಲೆ, 1963ರಲ್ಲಿ, ಕಂದಹಾರದಲ್ಲೇ ಇನ್ನೊಂದು ಗ್ರೀಕ್ ತುಣುಕು ಸಿಕ್ಕಿತು. ಅದು 12ನೇ ಬಂಡೆ ಶಾಸನದ ಕೊನೆ ಮತ್ತು 13ನೆಯದರ ಮೊದಲು. ಅಂದರೆ ಸನ್ನತಿಯಲ್ಲಿ ಪ್ರಾಕೃತದಲ್ಲಿ ಇರುವ ಅದೇ 12ನೇ ಶಾಸನ! ಎಲ್ಲ ಪಂಥದವರೂ ಒಬ್ಬರನ್ನೊಬ್ಬರು ಗೌರವಿಸಬೇಕು, ನಾಲಗೆ ಬಿಗಿ ಹಿಡಿಯಬೇಕು ಅನ್ನುವ ಶಾಸನ. ಅದರಲ್ಲಿ ಪಂಥ ಎಂಬುದಕ್ಕೆ ಅಶೋಕ ಬಳಸಿದ ಪದ 'ಪಾಸಂಡ'. ಗ್ರೀಕ್ ಅನುವಾದಕ ಅದಕ್ಕೆ 'ದಿಯಾತ್ರಿಬೆ' ಅಂದ, ತತ್ತ್ವಜ್ಞಾನಿಗಳ ಪಾಠಶಾಲೆ, ಗುರುಪಂಥ ಎಂಬರ್ಥದ್ದು. ಬಹಳ ಜಾಣ ಆಯ್ಕೆ. ನಮ್ಮಲ್ಲಿ ಅದೇ ಪದ ಮುಂದೆ ಏನಾಯಿತು ನೋಡಿ: ಪಾಷಂಡಿ, ಪಾಖಂಡಿ, ಬೈಗುಳ. ಇವತ್ತಿನ ಕನ್ನಡದ ಅರ್ಥ ಹಿಡಿದು 12ನೇ ಶಾಸನ ಓದಿದರೆ ಅಶೋಕ "ಎಲ್ಲ ಪಾಷಂಡಿಗಳನ್ನೂ ಗೌರವಿಸಿ" ಅಂದಹಾಗೆ ಕಾಣುತ್ತದೆ. ಪದ ಅದೇ ಇದೆ, ಅರ್ಥ ಮಾತ್ರ ತಿರುಗಿ ನಿಂತಿದೆ. ಗ್ರೀಕ್ ಅನುವಾದ ಇರುವುದರಿಂದಲೇ ಆ ಕಾಲದಲ್ಲಿ ಪದಕ್ಕೆ ಕೆಟ್ಟ ವಾಸನೆ ಇರಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ನಮಗೆ ಸಿಕ್ಕಿತು.

ಹಾಗಾದರೆ ನನ್ನ ಪ್ರಶ್ನೆ ಇದು. ಕಂದಹಾರದ ಗ್ರೀಕರಿಗೆ 12ನೇ ಶಾಸನ ಅವರದೇ ಭಾಷೆಯಲ್ಲಿ ಬಂತು. ಸನ್ನತಿಯವರಿಗೆ ಯಾಕೆ ಬರಲಿಲ್ಲ?

ಇದಕ್ಕೆ ಎಲ್ಲರೂ ಕೊಡುವ ಉತ್ತರ, ಇಲ್ಲಿ ಆಗ ಬರಹದ ಭಾಷೆಯೇ ಇರಲಿಲ್ಲ ಅನ್ನೋದು. ಒಪ್ಪಿದೆ. ಗ್ರೀಕಿಗೂ ಅರಾಮಾಯಿಕ್‌ಗೂ ಆ ಹೊತ್ತಿಗೆ ಲಿಪಿ, ಲಿಪಿಕಾರರು, ಕಚೇರಿ ಎಲ್ಲ ಇತ್ತು. ಅರಾಮಾಯಿಕ್ ಅಂತೂ ಹಿಂದಿನ ಪರ್ಷಿಯನ್ ಸಾಮ್ರಾಜ್ಯದ ಕಚೇರಿ ಭಾಷೆ. ಅಂದರೆ ಅಶೋಕ ಅನುವಾದ ಮಾಡಿಸಿಕೊಟ್ಟದ್ದು ಜನರ ಭಾಷೆಗಲ್ಲ, ತನ್ನದರಂತೆಯೇ ಆಳಿದ್ದ ಇನ್ನೆರಡು ಸಾಮಾನ್ಯ ಭಾಷೆಗಳಿಗೆ. ಬರಹ ಇಲ್ಲದ ಭಾಷೆಯವರು ಪ್ರಾಕೃತವನ್ನೇ ಅರ್ಥ ಮಾಡಿಕೊಳ್ಳಬೇಕಾಯಿತು.

ಹೇಗೆ ಅರ್ಥ ಮಾಡಿಕೊಂಡರು? ಪ್ರತ್ಯೇಕ ಶಾಸನಗಳಲ್ಲಿ ಈ ಲಿಪಿಯನ್ನು ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸಬೇಕು, ನಡುವೆ ಒಬ್ಬನೇ ಇದ್ದರೂ ಕೇಳಿಸಬೇಕು ಎಂದಿದೆ. ಆಂಧ್ರದ ಎರ್ರಗುಡಿಯ ಪಾಠದಲ್ಲಿ ಭೇರಿ ಬಾರಿಸಿ ಜನಪದಕ್ಕೆ ಆಜ್ಞೆ ತಿಳಿಸುವ ಮಾತಿದೆ. ನಮ್ಮೂರಿನ ಡಂಗುರದ ಹಾಗೆ. ಡಂಗುರ ಹೊಡೆದಾದ ಮೇಲೆ ಬರೀ ಪ್ರಾಕೃತ ಓದಿ ಹೋದರೆ ಸನ್ನತಿಯ ರೈತನಿಗೆ ಏನು ಉಪಯೋಗ? ಯಾರೋ ಒಬ್ಬ ನಿಂತು ಊರ ಮಾತಿನಲ್ಲಿ ಬಿಡಿಸಿ ಹೇಳಿರಲೇಬೇಕು. ಇದು ನನ್ನ ಊಹೆ, ಕಲ್ಲಿನ ಮೇಲೆ ಬರೆದದ್ದಲ್ಲ. ಆದರೆ ಈ ಊಹೆ ಇಲ್ಲದೆ ಶಾಸನದ ವಿಧಿಗೆ ಅರ್ಥವೇ ಬರುವುದಿಲ್ಲ. ಕಂದಹಾರದ ಅನುವಾದಕನ ಕೆಲಸವನ್ನು ಇವತ್ತೂ ಓದಿ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನಬಹುದು. ಸನ್ನತಿಯಲ್ಲಿ ಬಿಡಿಸಿ ಹೇಳಿದವನ ಒಂದು ಪದವೂ ಉಳಿದಿಲ್ಲ. ಅವನು 'ಧಮ್ಮ'ಕ್ಕೆ ಏನಂದ? 'ಪಾಸಂಡ'ಕ್ಕೆ ಏನಂದ? ದ್ರಾವಿಡ ಭಾಷೆಯೊಂದರ ಅತಿ ಹಳೆಯ ಅನುವಾದ ಅದಾಗಿತ್ತು. ಗಾಳಿಯಲ್ಲಿ ಹೋಯಿತು.

ಸಾಮಾನ್ಯ ಭಾಷೆ ಎಂದರೆ ಅನುವಾದ ಇಲ್ಲದ ಸ್ಥಿತಿ ಅಲ್ಲ. ಅನುವಾದ ಇದ್ದೇ ಇರುತ್ತದೆ. ಅದು ದಾಖಲೆಗೆ ಬರುವುದಿಲ್ಲ, ಅಷ್ಟೆ. ಅದರ ಖರ್ಚು ಬಡಪಾಯಿಯ ಮೇಲೆ ಬೀಳುತ್ತದೆ.

ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಮಾತು. 'ಇಸಿಲ' ಎಂಬುದು ಕನ್ನಡ ಪದವೆಂದು ಡಿ.ಎಲ್. ನರಸಿಂಹಾಚಾರ್ಯರು ವಾದಿಸಿದ್ದರು. ಆ ವಾದ ನಿಲ್ಲುತ್ತೋ ಇಲ್ಲವೋ ಇಲ್ಲಿ ಬೇಡ. ನಿಂತರೆ, ಆ ಇಡೀ ಬಂಡೆಯಲ್ಲಿ ನಮ್ಮದು ಅನ್ನಬಹುದಾದದ್ದು ಒಂದು ಊರ ಹೆಸರು ಮಾತ್ರ. ಅನುವಾದ ಮಾಡಲಾಗದ ಕಾರಣಕ್ಕೇ ಉಳಿದುಕೊಂಡದ್ದು.

ಸಾಮಾನ್ಯ ಭಾಷೆಯ ವಾದವನ್ನು ಗಟ್ಟಿಯಾಗಿ ಕಟ್ಟಿದ ಪುಸ್ತಕವೊಂದನ್ನು ಇಲ್ಲಿ ನೋಡದೆ ಮುಂದೆ ಹೋಗುವ ಹಾಗಿಲ್ಲ. ಶೆಲ್ಡನ್ ಪೊಲಾಕ್ 2006ರಲ್ಲಿ ಪ್ರಕಟಿಸಿದ 'ದ ಲ್ಯಾಂಗ್ವೇಜ್ ಆಫ್ ದ ಗಾಡ್ಸ್ ಇನ್ ದ ವರ್ಲ್ಡ್ ಆಫ್ ಮೆನ್'. ಪೊಲಾಕ್ ಹಳಗನ್ನಡವನ್ನು ಟಿ.ವಿ. ವೆಂಕಟಾಚಲ ಶಾಸ್ತ್ರಿಗಳಲ್ಲಿ ಓದಿದವರು, ಪುಸ್ತಕದ ದೇಶಭಾಷೆಯ ಭಾಗಕ್ಕೆ ಕನ್ನಡವೇ ಬೆನ್ನೆಲುಬು. ಕ್ರಿಸ್ತಶಕದ ಮೊದಲ ಸಹಸ್ರಮಾನದಲ್ಲಿ ಅಫ್ಘಾನಿಸ್ತಾನದಿಂದ ಜಾವಾದವರೆಗೆ ಸಂಸ್ಕೃತವು ಯಾವ ಸೈನ್ಯದ ಬಲವೂ ಇಲ್ಲದೆ ಅರಸರ ಸಾರ್ವಜನಿಕ ಭಾಷೆಯಾಯಿತು, ರೋಮಿನ ಲ್ಯಾಟಿನ್ ಹಾಗೆ ಯಾರೂ ಅದನ್ನು ಹೇರಲಿಲ್ಲ. ಶಾಸನಗಳಲ್ಲಿ ಹೊಗಳಿಕೆ, ವಂಶಾವಳಿ, ಕಾವ್ಯ ಸಂಸ್ಕೃತಕ್ಕೆ, ಭೂಮಿ, ಗಡಿ, ತೆರಿಗೆಯ ವ್ಯವಹಾರ ದೇಶಭಾಷೆಗೆ ಎಂದು ಕೆಲಸ ಹಂಚಿಕೆಯಾಗಿತ್ತು. ಮುಂದೆ ದೇಶಭಾಷೆಯೇ ಕಾವ್ಯದ ಸ್ಥಾನಕ್ಕೆ ಏರಿತು, ರಾಷ್ಟ್ರಕೂಟರ ಆಸ್ಥಾನದ ಕವಿರಾಜಮಾರ್ಗ ಅದರ ಘೋಷಣೆ. ಸ್ಥೂಲವಾಗಿ ಹೇಳಿದರೆ ಇದು ಅವರ ವಾದ.

ಇದು ದೊಡ್ಡ ಪುಸ್ತಕ, ನಮ್ಮ ಶಾಸನಗಳನ್ನು ಪ್ರಪಂಚದ ಚರ್ಚೆಗೆ ತಂದ ಪುಸ್ತಕ. ಕೆಲಸ ಹಂಚಿಕೆ ಅನ್ನುವುದನ್ನು ತಾಮ್ರಪಟಗಳನ್ನು ಓದಿದವರು ಯಾರೂ ಅಲ್ಲಗಳೆಯಲಾರರು. ಗಂಗರ, ರಾಷ್ಟ್ರಕೂಟರ ಪಟಗಳಲ್ಲಿ ಹಲಗೆ ಹಲಗೆ ಸಂಸ್ಕೃತ ಗದ್ಯಪದ್ಯ ಸಾಗಿ, ದತ್ತಿಯ ಗಡಿ ಬಂದ ತಕ್ಷಣ ಭಾಷೆ ಕನ್ನಡಕ್ಕೆ ಹೊರಳುವುದನ್ನು ಎಷ್ಟು ಸಲ ನೋಡಿಲ್ಲ? ಮೂಡಣಕ್ಕೆ ಇಂಥ ಹುಣಸೆಮರ, ತೆಂಕಣಕ್ಕೆ ಹುತ್ತ, ಪಡುವಣಕ್ಕೆ ಹಳ್ಳ. ಮೂರು ಸಾಗರ ಗೆದ್ದ ಅರಸನ ಕೀರ್ತಿಗೆ ಸಂಸ್ಕೃತ ಸಾಕು, ಹುಣಸೆಮರ ಮಾತ್ರ ತಪ್ಪಬಾರದು.

ನನ್ನ ತಕರಾರು ಬೇರೆ. ಪೊಲಾಕ್ ಈ ಹೊರಳುವಿಕೆಯನ್ನು ಅಧಿಕಾರ ಮತ್ತು ಸೌಂದರ್ಯದ ಪ್ರಶ್ನೆಯಾಗಿ ನೋಡುತ್ತಾರೆ. ಹೊರಳುವ ಜಾಗದಲ್ಲಿ ನಿಂತವನ ಮೇಲೆ ಅವರ ಕಣ್ಣು ಅಷ್ಟು ನಿಲ್ಲುವುದಿಲ್ಲ. ಊರವರು ಕನ್ನಡದಲ್ಲಿ ಹೇಳಿದ ಗಡಿಯನ್ನು ಸಂಸ್ಕೃತ ದಾನಪತ್ರದ ಚೌಕಟ್ಟಿಗೆ ಕೂರಿಸಿದವನು ಎರಡೂ ಬಲ್ಲವನು. ಅವನು ಕವಿಯೂ ಅಲ್ಲ, ಅರಸನೂ ಅಲ್ಲ, ಕಚೇರಿಯ ಬರವಣಿಗೆಯವನು. ಸಂಸ್ಕೃತ ಜಗತ್ತು ನಡೆದದ್ದು ಇಂಥವನ ಬೆನ್ನ ಮೇಲೆ. ಹೇರಿಕೆ ಇರಲಿಲ್ಲ ಎಂಬ ಮಾತನ್ನೂ ನಾನು ಸ್ವಲ್ಪ ತಡೆದೇ ಒಪ್ಪುತ್ತೇನೆ. ಕತ್ತಿ ಹಿಡಿದು ಹೇರಲಿಲ್ಲ, ನಿಜ. ಆದರೆ ನಮ್ಮ ಹಳ್ಳಿಯ ದಾನಶಾಸನಗಳ ಕೊನೆಯಲ್ಲಿ ಬರುವ ಸಂಸ್ಕೃತ ಶಾಪಶ್ಲೋಕಗಳನ್ನು ಗಮನಿಸಿ. ಮೇಲಿನ ಕನ್ನಡ ಶುದ್ಧವಾಗಿ ನಡೆದಿರುತ್ತದೆ. ಶ್ಲೋಕಕ್ಕೆ ಬಂದಾಗ ಹ್ರಸ್ವ ದೀರ್ಘ ತಪ್ಪಿ, ಮಹಾಪ್ರಾಣ ಜಾರಿ, ವಿಸರ್ಗ ಬಿದ್ದು ಹೋಗಿರುತ್ತದೆ. ಕಂಡರಿಸಿದವನಿಗೆ ಅದು ಕಿವಿಯಿಂದ ಬಂದ ಮಂತ್ರ, ಅರ್ಥವಾದ ಮಾತಲ್ಲ. ಸಾಮಾನ್ಯ ಭಾಷೆ ಊರಿಗೆ ಬಂದಾಗ ಹೀಗೆ ಮುದ್ರೆಯಾಗಿ ಬಿಡುತ್ತದೆ. ಬ್ಯಾಂಕಿನ ಅರ್ಜಿಯ ಕೆಳಗೆ ಓದದೇ ಸಹಿ ಹಾಕುವ ಇಂಗ್ಲಿಷ್ ಷರತ್ತುಗಳ ಹಾಗೆ.

ಇನ್ನೊಂದು ಸಾಕ್ಷಿ ಪಟ್ಟದಕಲ್ಲಿನದು. ಚಾಲುಕ್ಯ ಎರಡನೇ ಕೀರ್ತಿವರ್ಮನ ಕಾಲದ, 754ರ ಸ್ತಂಭಶಾಸನ. ಗಂಗಾತೀರದ ಕಡೆಯಿಂದ ಬಂದ ಜ್ಞಾನಶಿವಾಚಾರ್ಯ ಮಾಡಿಸಿದ್ದು. ಭಾಷೆ ಸಂಸ್ಕೃತವೇ, ಪಾಠವೂ ಒಂದೇ, ಆದರೆ ಎರಡು ಸಲ ಬರೆದಿದೆ: ಒಮ್ಮೆ ಉತ್ತರದ ಸಿದ್ಧಮಾತೃಕೆಯಲ್ಲಿ, ಒಮ್ಮೆ ಇಲ್ಲಿಯ ಲಿಪಿಯಲ್ಲಿ. ಸಾಮಾನ್ಯ ಭಾಷೆ ಇದ್ದೂ ಎರಡು ಪ್ರತಿ ಬೇಕಾಯಿತು! ಜಗತ್ತಿಗೊಂದು ಭಾಷೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನುವವರನ್ನು ಒಮ್ಮೆ ಈ ಕಂಬದ ಮುಂದೆ ನಿಲ್ಲಿಸಬೇಕು. 1887ರಲ್ಲಿ ಝಾಮೆನ್‌ಹಾಫ್ ಎಸ್ಪೆರಾಂಟೊ ಕಟ್ಟಿದಾಗ ಕನಸು ದೊಡ್ಡದಿತ್ತು, ಮನಸ್ಸೂ ಒಳ್ಳೆಯದೇ. ಆದರೆ ಅದು ಇದ್ದ ಭಾಷೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿತು.

ಇರಲಿ, ಈಗ ಯಂತ್ರಕ್ಕೆ ಬರೋಣ.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶ ಅಲ್ಲ. ಕನ್ನಡ 2011ರಲ್ಲಿ ಗೂಗಲ್ ಅನುವಾದಕ್ಕೆ ಸೇರಿದಾಗ ಅದರ ಕನ್ನಡ ನಗೆಪಾಟಲಾಗಿತ್ತು. ಇವತ್ತಿನದು ಆ ಮಟ್ಟದ್ದಲ್ಲ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದದ ಮಾದರಿ ಕೊಟ್ಟಿದೆ, ಅದೂ ಮುಕ್ತವಾಗಿ. ಕೇಂದ್ರ ಸರ್ಕಾರದ ಭಾಷಿಣಿ ಇದೆ. ಪ್ರಾಚೀನ ಬರಹಗಳ ಕಡೆಗೂ ಕೆಲಸ ನಡೆದಿದೆ. 2023ರಲ್ಲಿ ಅಕ್ಕಾಡಿಯನ್ ಕ್ಯೂನಿಫಾರ್ಮ್ ಫಲಕಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತಂದ ಪ್ರಯೋಗ ಪ್ರಕಟವಾಯಿತು. ಅಲ್ಲಿ ಕಂಡದ್ದು: ರಾಜಾಜ್ಞೆ, ಶಕುನ ಮುಂತಾದ ಸಿದ್ಧ ಸೂತ್ರದ ಬರಹಗಳಲ್ಲಿ ಯಂತ್ರ ಚೆನ್ನಾಗಿ ನಡೆಯುತ್ತದೆ, ಸಾಹಿತ್ಯ ಬಂದರೆ ಇಲ್ಲದ್ದನ್ನು ಕಟ್ಟಿ ಹೇಳತೊಡಗುತ್ತದೆ. ಕನ್ನಡ ಶಾಸನಗಳಿಗೂ ಇದೇ ಆದೀತು ಎಂದು ನನ್ನ ಅಂದಾಜು. "ಸ್ವಸ್ತಿ"ಯಿಂದ ಹಿಡಿದು ಶಕವರ್ಷ, ಸಂವತ್ಸರ, ತಿಥಿ, ಬಿರುದು, ಧಾರಾಪೂರ್ವಕ ಕೊಟ್ಟದ್ದು, ಕವಿಲೆಯನ್ನು ಕೊಂದ ಪಾಪದವರೆಗೆ ಬಹುಪಾಲು ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇರುತ್ತದೆ. ಅದನ್ನು ಯಂತ್ರ ಕಲಿಯುತ್ತೆ, ಕಲಿಯಲಿ. ಸಾವಿರ ಶಾಸನಗಳಲ್ಲಿ ಗದ್ಯಾಣದ ಲೆಕ್ಕ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಿಕೊಟ್ಟರೆ ನನಗೂ ಬೇಕು.

ತೊಂದರೆ ಬರುವುದು ಸೂತ್ರ ಮುಗಿದ ಜಾಗದಲ್ಲಿ. ಹಲ್ಮಿಡಿಯನ್ನೇ ತೆಗೆದುಕೊಳ್ಳಿ. ಅಲ್ಲಿ ವೀರನಿಗೆ ಕೊಟ್ಟ ದತ್ತಿಗೆ 'ಬಾಳ್ಗೞ್ಚು' ಎಂಬ ಹೆಸರಿದೆ, ಕತ್ತಿ ತೊಳೆಯುವ ಕೊಡುಗೆ. ರಕ್ತವಾದ ಬಾಳನ್ನು ತೊಳೆದು ಮರ್ಯಾದೆ ಮಾಡುವುದು. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಳ ಬೇರೆ, ೞ ಬೇರೆ. ಹೊಸಗನ್ನಡದಲ್ಲಿ ಎರಡೂ ಒಂದಾಗಿ 'ಬಾಳು' ಎಂದರೆ ಬದುಕು ಎಂದಷ್ಟೇ ಉಳಿಯಿತು. ಇವತ್ತಿನ ಪತ್ರಿಕೆ, ವಿಕಿಪೀಡಿಯ, ಸಿನಿಮಾ ಸುದ್ದಿ ಓದಿ ಕಲಿತ ಯಂತ್ರಕ್ಕೆ 'ಬಾಳ್' ಕೊಟ್ಟರೆ ಅದು ಯಾವ ಕಡೆ ವಾಲುತ್ತದೆ ಹೇಳಬೇಕೆ? ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು, ಶತ್ರುವೂ ಹೌದು. ಯಂತ್ರದ ಮಟ್ಟಿಗೆ 'ಕನ್ನಡ' ಎಂಬುದು ಒಂದೇ ಭಾಷೆ. ಹದಿನೈದು ನೂರು ವರ್ಷದ ಬರಹಕ್ಕೆಲ್ಲ ಒಂದೇ ಚೀಟಿ ಅಂಟಿಸಿಟ್ಟಿದೆ.

ಇಲ್ಲೊಂದು ಸಣ್ಣ ತಮಾಷೆ. ಯೂನಿಕೋಡ್‌ನಲ್ಲಿ ೞ ಅಕ್ಷರದ ಅಧಿಕೃತ ಹೆಸರು ಇವತ್ತಿಗೂ 'ಫ' ಎಂದೇ ಇದೆ! ಹೆಸರಿಡುವಾಗ ಆದ ತಪ್ಪು ಅದು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲ ಎಂಬ ನಿಯಮ ಇರುವುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಇಟ್ಟಿದ್ದಾರೆ.

ಅಳತೆಯ ಕಥೆಯೂ ಇದೇ. 'ಮತ್ತರು' ಎಂಬ ಭೂಮಿಯ ಅಳತೆ ಯಾವ ಗಳೆಯಿಂದ ಅಳೆದದ್ದು ಎಂಬುದರ ಮೇಲೆ ನಿಂತಿದೆ, ಗಳೆ ಊರಿಂದೂರಿಗೆ ಬೇರೆ. ಅನುವಾದದಲ್ಲಿ ಅದು ಎಕರೆ ಆಗಿಬಿಟ್ಟರೆ ಓದಲು ಸಲೀಸು, ಇತಿಹಾಸಕ್ಕೆ ಸುಳ್ಳು. ಬಿ.ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ ಇಂಗ್ಲಿಷ್ ಅನುವಾದಗಳಲ್ಲಿ ಇಂಥ ಎಷ್ಟೋ ಪದಗಳನ್ನು ಹಾಗೆಯೇ ಬಿಟ್ಟರು. ಸುಂದರ ಇಂಗ್ಲಿಷ್ ಅಲ್ಲ ಅದು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತೋರಿಸುವ ಮರ್ಯಾದೆ ಅದರಲ್ಲಿತ್ತು, ಮೂಲ ಕನ್ನಡ ಪಾಠವೂ ಅದೇ ಸಂಪುಟದಲ್ಲಿತ್ತು. ಅನುಮಾನದ ಅಕ್ಷರಕ್ಕೆ ಆವರಣ, ಸವೆದ ಜಾಗಕ್ಕೆ ಚುಕ್ಕಿ ಹಾಕುವುದು ಶಾಸನ ಸಂಪಾದನೆಯ ಅಡಿಗಲ್ಲು. ಈಗ ಸಿಗುವ ಸಾಮಾನ್ಯ ಅನುವಾದ ಯಂತ್ರ ಆ ಚುಕ್ಕಿಗಳನ್ನೆಲ್ಲ ನುಂಗಿ ನುಣುಪಾದ ವಾಕ್ಯ ಕೊಡುತ್ತದೆ. ನನಗೆ ಭಯ ಆ ನುಣುಪಿನದು. ಕೆಟ್ಟ ಅನುವಾದ ಕಂಡರೆ ಓದುಗ ಹುಷಾರಾಗುತ್ತಾನೆ. ಚಂದದ ವಾಕ್ಯ ಕಂಡರೆ ಮರುಕ್ಷಣ ವಾಟ್ಸಾಪಿಗೆ ಹಾಕುತ್ತಾನೆ, ಮೂರು ದಿನದಲ್ಲಿ ಅದು ಊರಿನ ಇತಿಹಾಸ ಆಗಿರುತ್ತದೆ, ಗುಡಿಯ ಮುಂದೆ ಫಲಕವೂ ಏಳಬಹುದು.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಯಂತ್ರಾನುವಾದ ಸಾಮಾನ್ಯ ಭಾಷೆಗೆ ಪರ್ಯಾಯ ಅನ್ನುತ್ತಾರಲ್ಲ, ಆದರೆ ಬಹುಕಾಲ ಕನ್ನಡದಿಂದ ತೆಲುಗಿಗೋ ಮರಾಠಿಗೋ ಹೋಗಬೇಕಾದರೆ ಯಂತ್ರ ಒಳಗೊಳಗೇ ಇಂಗ್ಲಿಷ್ ಮೂಲಕ ಹಾದು ಹೋಗುತ್ತಿತ್ತು. ಎಲ್ಲ ವ್ಯವಸ್ಥೆಗಳೂ ಈಗ ಹಾಗಿಲ್ಲ. ಆದರೂ ಆ ಚಾಳಿ ಪೂರ್ತಿ ಹೋಗಿಲ್ಲ. ನೀನು-ನೀವು ಎರಡೂ ಇಂಗ್ಲಿಷಿನಲ್ಲಿ ಒಂದೇ ಪದವಾಗಿ, ಆ ಕಡೆ ಹೊರಬರುವಾಗ ಹಿರಿಯರನ್ನು ಏಕವಚನದಲ್ಲಿ ಕರೆದಿರುತ್ತದೆ. ಅಂದರೆ ಯಂತ್ರದ ಹೊಟ್ಟೆಯೊಳಗೂ ಒಂದು ಸಾಮಾನ್ಯ ಭಾಷೆ ಕೂತಿದೆ, ಪ್ರಾಕೃತದ ಹಾಗೆ.

ಇದಕ್ಕೆ ನಮ್ಮಲ್ಲಿರುವ ಉತ್ತಮ ಉದಾಹರಣೆ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯದು. ಚಾವುಂಡರಾಯ ಮಾಡಿಸಿದ ಎಂಬ ಒಂದೇ ಮಾತು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ತಮಿಳಿನದು ಗ್ರಂಥ ಮತ್ತು ವಟ್ಟೆಳುತ್ತಿನಲ್ಲಿ, ಮರಾಠಿಯದು ನಾಗರಿಯಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುತ್ತಾಲಯ ಮಾಡಿಸಿದ ಮಾತೂ ಜೊತೆಗಿದೆ. ಚಾವುಂಡರಾಯನ ಮರಾಠಿ ಸಾಲು ಗಂಗರಾಜನ ಕಾಲದಲ್ಲೇ ಬರೆದದ್ದು ಎಂಬ ವಾದವೂ ಉಂಟು. ಕ್ರಿಯಾಪದಗಳನ್ನು ನೋಡಿ: ಕನ್ನಡದ 'ಮಾಡಿಸಿದಂ', ತಮಿಳಿನ 'ಚೆಯ್ವಿತ್ತಾನ್', ಮರಾಠಿಯ 'ಕರವಿಯಲೇಂ'. ಮೂರೂ ಪ್ರೇರಣಾರ್ಥಕ! ಮಾಡಿದವನಲ್ಲ, ಮಾಡಿಸಿದವನು. ಕಡೆದ ಶಿಲ್ಪಿಗೂ ಖರ್ಚು ಕೊಟ್ಟ ಧಣಿಗೂ ಇರುವ ವ್ಯತ್ಯಾಸ ಒಂದು ಪ್ರತ್ಯಯದಲ್ಲಿದೆ, ಮೂರು ಭಾಷೆಯೂ ಅದನ್ನು ಸಲೀಸಾಗಿ ಕಾಪಾಡಿವೆ. ಇಂಗ್ಲಿಷಿಗೆ ಆ ಪ್ರತ್ಯಯ ಇಲ್ಲ, ಸುತ್ತಿ ಬಳಸಿ ಹೇಳಬೇಕು. ಅವಸರದಲ್ಲಿ 'ಮಾಡಿದ' ಎಂದುಬಿಟ್ಟರೆ, ಅಲ್ಲಿಂದ ತಮಿಳಿಗೆ ಹೋದಾಗ ಚಾವುಂಡರಾಯನೇ ಉಳಿ ಹಿಡಿದು ಐವತ್ತೆಂಟು ಅಡಿ ಕಡೆದ ಹಾಗಾಗುತ್ತದೆ. ನೆರೆಹೊರೆಯ ಭಾಷೆಗಳು ನೇರವಾಗಿ ಕೈ ಹಿಡಿದಾಗ ಉಳಿದದ್ದು, ದೂರದ ಮೂರನೆಯವನ ಮನೆಯ ಮೂಲಕ ಬಳಸಿ ಬಂದಾಗ ಉದುರಿಹೋಗುತ್ತದೆ. ಜಿನವಲ್ಲಭನ ಕುರ್ಕ್ಯಾಲ ಶಾಸನವನ್ನೂ ಇಲ್ಲಿ ನೆನೆಯಬೇಕು. ಪಂಪನ ತಮ್ಮ ಅವನು. ತೆಲಂಗಾಣದ ಗುಡ್ಡದ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ. ಒಂದನ್ನೇ ಮೂರು ಸಲ ತಿರುವಿಹಾಕಿಲ್ಲ ಅವನು.

ಒಂದನ್ನೇ ತಿರುವಿಹಾಕದಿರುವುದಕ್ಕೆ ಅತಿ ವಿಚಿತ್ರವಾದ ಸಾಕ್ಷಿ ಶ್ರೀಲಂಕಾದ ಗಾಲ್‌ನ ಕಲ್ಲು. 1911ರಲ್ಲಿ ಸಿಕ್ಕಿ ಈಗ ಕೊಲಂಬೊ ಮ್ಯೂಸಿಯಂನಲ್ಲಿದೆ. ಚೀನದ ಮಿಂಗ್ ಅರಸನ ಪರವಾಗಿ ನೌಕಾಧಿಪತಿ ಝೆಂಗ್ ಹೆ ತಂದು ನಿಲ್ಲಿಸಿದ್ದು, ಚೀನೀ ಪಾಠದ ಕಾಲ 1409. ಮೂರು ಭಾಷೆ: ಚೀನೀ, ತಮಿಳು, ಪರ್ಷಿಯನ್. ಚೀನೀ ಪಾಠದಲ್ಲಿ ಕಾಣಿಕೆ ಬುದ್ಧನಿಗೆ. ತಮಿಳಿನಲ್ಲಿ ತೆನಾವರೈ ನಾಯನಾರ್‌ಗೆ, ಅಂದರೆ ದೇವಿನುವರದ ವಿಷ್ಣುವಿಗೆ. ಪರ್ಷಿಯನ್ ಭಾಗ ಸವೆದಿದ್ದರೂ ಅದು ಇಸ್ಲಾಮಿನ ಕಡೆಗೆ ಎಂಬುದು ಸ್ಪಷ್ಟ. ಕಾಣಿಕೆಯ ಪಟ್ಟಿ ಮಾತ್ರ ಹೆಚ್ಚುಕಡಿಮೆ ಒಂದೇ: ಚಿನ್ನ 1000, ಬೆಳ್ಳಿ 5000, ರೇಷ್ಮೆ, ಎಣ್ಣೆ. ದೇವರು ಬದಲು, ಲೆಕ್ಕ ಅದೇ!

ಇದನ್ನು ಯಂತ್ರದ ಅಳತೆಗೋಲಿನಲ್ಲಿ ಹಿಡಿದರೆ ಮೂರು ಪಾಠಗಳೂ ಒಂದಕ್ಕೊಂದು ತಪ್ಪು ಅನುವಾದ. ಮೂಲಕ್ಕೆ ಎಷ್ಟು ಹೊಂದುತ್ತದೆ ಎಂದು ಅಂಕ ಕೊಡುವುದು ಅದರ ಪದ್ಧತಿ. ಆದರೆ ಕಲ್ಲು ಬರೆಸಿದವನಿಗೆ ಗೊತ್ತಿತ್ತು: ಈ ಬಂದರಿನಲ್ಲಿ ಮೂರು ಬಗೆಯ ವ್ಯಾಪಾರಿಗಳಿದ್ದಾರೆ, ಮೂವರಿಗೂ ತಮ್ಮ ದೇವರಿಗೇ ಸಂದಿತು ಅನಿಸಬೇಕು. ರಾಜಕೀಯ ಜಾಣತನ ಅನ್ನಿ, ಸೌಜನ್ಯ ಅನ್ನಿ, ಎರಡೂ ಇರಬಹುದು. ಆ ನಿರ್ಧಾರವನ್ನು ಯಾರೋ ಕೂತು ಮಾಡಿದ್ದಾರೆ, ಅದಕ್ಕೆ ಹೊಣೆಯೂ ಹೊತ್ತಿದ್ದಾರೆ. ಮತ್ತೆ ಗಮನಿಸಿ, ಆ ದ್ವೀಪದ ದೊಡ್ಡ ಜನಸಮುದಾಯದ ಭಾಷೆ ಸಿಂಹಳ ಆ ಕಲ್ಲಿನಲ್ಲಿ ಇಲ್ಲ. ಸಿಂಹಳಕ್ಕೆ ಬರಹ ಇರಲಿಲ್ಲ ಅನ್ನುವ ಸಬೂಬು ಇಲ್ಲಿ ನಡೆಯುವುದಿಲ್ಲ, ಅಷ್ಟು ಹೊತ್ತಿಗೆ ಅದಕ್ಕೆ ಸಾವಿರಕ್ಕೂ ಹೆಚ್ಚು ವರ್ಷದ ಬರಹವಿತ್ತು. ವ್ಯಾಪಾರಕ್ಕೆ ಬೇಡವಾಗಿತ್ತು, ಅಷ್ಟೆ. ಯಾವ ಭಾಷೆಗೆ ಅನುವಾದ ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅನುವಾದದ ಕಷ್ಟ ಅಲ್ಲ, ಆ ಭಾಷೆಯವರಿಂದ ಆಗಬೇಕಾದ ಕೆಲಸ ಏನು ಎಂಬುದು. ಇವತ್ತು ತುಳು, ಕೊಡವ, ಬ್ಯಾರಿ ಮಾತಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಏನು ಬೇಕು ಅಂತೀರಿ ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ ಸಣ್ಣದು, ಶಾಸನದ ಹೊಲದೊಳಗಿನದೇ. ಗ್ರೀಕ್ ಶಾಸನಗಳ ಬಗ್ಗೆ 2022ರಲ್ಲಿ ಪ್ರಕಟವಾದ 'ಇಥಾಕಾ' ಎಂಬ ಕೆಲಸ ಒಂದು ದಾರಿ ತೋರುತ್ತದೆ. ಅದು ಅನುವಾದದ ಯಂತ್ರ ಅಲ್ಲ, ಸವೆದ ಅಕ್ಷರ ತುಂಬಿಸುವ, ಕಾಲ ಮತ್ತು ಊರು ಊಹಿಸುವ ಯಂತ್ರ. ಸುಮಾರು 78 ಸಾವಿರ ಶಾಸನಗಳ ಮೇಲೆ ಪಳಗಿಸಿದ್ದು. ಬಿಟ್ಟಜಾಗ ತುಂಬುವುದರಲ್ಲಿ ಇತಿಹಾಸಕಾರರು ತಾವೇ ಮಾಡಿದಾಗ ಶೇ. 25 ಸರಿ, ಯಂತ್ರ ಒಂದೇ ಮಾಡಿದಾಗ ಶೇ. 62, ಯಂತ್ರದ ಸಲಹೆ ನೋಡಿ ಇತಿಹಾಸಕಾರರು ಮಾಡಿದಾಗ ಶೇ. 72. ಈ ಮೂರನೇ ಅಂಕಿಯೇ ನನಗೆ ಮುಖ್ಯ. ಅದು ಒಂದೇ ಉತ್ತರ ಕೊಟ್ಟು ಸುಮ್ಮನಾಗುವುದಿಲ್ಲ, ಹಲವು ಸಾಧ್ಯತೆಗಳನ್ನು ಎಷ್ಟೆಷ್ಟು ನಂಬಬಹುದು ಎಂಬುದರ ಜೊತೆ ಮುಂದಿಡುತ್ತದೆ. ನಮ್ಮ ಆವರಣ, ಚುಕ್ಕಿಗಳ ಸಂಪ್ರದಾಯಕ್ಕೆ ಇದು ಒಗ್ಗುವ ರೀತಿ.

ಕನ್ನಡಕ್ಕೆ ಇಂಥದ್ದು ಆಗಬೇಕಾದರೆ ಮೊದಲು ಬೇಕಾದದ್ದು ಕಲ್ಲಿನ ಚಿತ್ರ, ಅದರ ಪಾಠ, ಪದ ಬಿಡಿಸಿದ ಓದು ಈ ಮೂರೂ ಒಟ್ಟಿಗಿರುವ ಮುಕ್ತ ಸಂಗ್ರಹ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಾ ಬಂದಿದೆ, ಒಳ್ಳೆಯ ಆರಂಭ ಅದು. ಆದರೆ ಪದ ಬಿಡಿಸಿದ ಓದನ್ನು ಯಾರು ಕೊಡುತ್ತಾರೆ? ಶಾಸನದಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ, ಎಲ್ಲಿ ಮುರಿಯಬೇಕು ಎಂದು ಗೊತ್ತಾಗಲು ಷಟ್ಪದಿ ಯಾವುದು, ಕಂದ ಯಾವುದು, ಱ ಎಲ್ಲಿ, ೞ ಎಲ್ಲಿ ಎಂಬುದು ಕೈಗೆ ಹತ್ತಿರಬೇಕು. ಅದು ಹಳಗನ್ನಡ ಕಲಿತವರ ಕೆಲಸ. ಯಂತ್ರ ಬಂತಲ್ಲ ಎಂದು ಹಳಗನ್ನಡದ ಪಾಠ ನಿಲ್ಲಿಸಿದರೆ, ಆ ಯಂತ್ರಕ್ಕೇ ಕಲಿಸುವವರು ಇರುವುದಿಲ್ಲ, ಅದು ತಪ್ಪಿದಾಗ ತಪ್ಪು ಅನ್ನುವವರೂ ಇರುವುದಿಲ್ಲ. ಆಸಕ್ತರಲ್ಲಿ ನನ್ನ ವಿನಂತಿ ಇಷ್ಟೆ: ಯಂತ್ರದ ಅನುವಾದ ಹಂಚಿಕೊಳ್ಳುವುದಾದರೆ ಅದು ಯಂತ್ರದ್ದು ಎಂದು ಬರೆಯಿರಿ, ಕೆಳಗೆ ಕಲ್ಲಿನ ಪಾಠವನ್ನೂ ಹಾಕಿ. ತಿದ್ದಬಲ್ಲವರು ಎಲ್ಲೋ ಒಬ್ಬರು ಇದ್ದೇ ಇರುತ್ತಾರೆ.

ಅಶೋಕನಿಗೂ ಈ ವಿಷಯ ತಿಳಿದಿತ್ತು ಅನಿಸುತ್ತದೆ. ಸನ್ನತಿಯಲ್ಲೂ ಇರುವ 14ನೇ ಶಾಸನದಲ್ಲಿ ಅವನು, ನನ್ನ ಲಿಪಿಗಳು ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ವಿಸ್ತಾರವಾಗಿ ಇವೆ, ಕೆಲವು ಅಪೂರ್ಣವಾಗಿರಬಹುದು, ಅದು ಲಿಪಿಕಾರನ ತಪ್ಪಿನಿಂದಲೂ ಆಗಿರಬಹುದು ಎನ್ನುತ್ತಾನೆ. ತಪ್ಪಿಗೆ ಒಬ್ಬ ಮನುಷ್ಯನಿದ್ದ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರರಲ್ಲೂ ಅಂಥವನೊಬ್ಬ ತನ್ನ ಹೆಸರು ಬರೆದಿದ್ದಾನೆ, ಚಪಡ ಅಂತ. ಶಾಸನವೆಲ್ಲ ಬ್ರಾಹ್ಮಿ, ಕೊನೆಯಲ್ಲಿ 'ಲಿಪಿಕಾರನಿಂದ' ಎಂಬ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದ. ವಾಯವ್ಯದ ಆ ಲಿಪಿಯನ್ನು ಮೊಳಕಾಲ್ಮೂರಿನ ಸೀಮೆಯಲ್ಲಿ ಓದಬಲ್ಲವರು ಎಷ್ಟು ಜನ ಇದ್ದಿರಬಹುದು?